ಒಂದೇ ರೂಮಿನಲ್ಲಿ ಗೆಳತಿಯರು: ಕರೆಯದೆ ಬಂದವರ ಖರ್ಚು ಯಾರ ತಲೆಗೆ?

ಡೊಂಬಿವಲಿ ಲೋಕಲ್:
ಹಳೆಯ ಕಚೇರಿಯ ನಾವು ನಾಲ್ವರು ಗೆಳತಿಯರು ಇತ್ತೀಚೆಗೆ ಗೋವಾಕ್ಕೆ ಹೋಗಿದ್ದೆವು. ಕಾಂದೋಳಿಯ ಕಡೆ ಒಂದು ಹೋಟೆಲಿನಲ್ಲಿ ಎರಡು ರೂಮು, ಒಂದೊಂದರಲ್ಲಿ ಇಬ್ಬರು. ನನ್ನ ಜೊತೆಗಿದ್ದ ಗೆಳತಿಯ ಚಿಕ್ಕಮ್ಮನ ಮಗಳು ಮಡಗಾಂವಿನಲ್ಲಿ ಕೆಲಸದಲ್ಲಿದ್ದಾಳೆ. "ಸುಮ್ಮನೆ ಊಟಕ್ಕೆ ಬರುತ್ತಾಳೆ" ಎಂದಳು. ಬರಲಿ, ಅದಕ್ಕೇನು ಎಂದೆ. ಊಟವಾಯಿತು, ಹರಟೆಯಾಯಿತು, ಹನ್ನೊಂದೂವರೆಯಾಯಿತು. ನಾನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಆ ಹುಡುಗಿ ನನ್ನ ಗೆಳತಿಯ ನೈಟಿ ಹಾಕಿಕೊಂಡು ಹಾಸಿಗೆಯ ನಟ್ಟನಡುವೆ ಕುಳಿತು ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದಳು. ನನ್ನ ಚಾರ್ಜರ್.

ಮಾರನೆಯ ರಾತ್ರಿಯೂ ಅವಳು ಅಲ್ಲೇ. ಹೊರಡುವ ದಿನ ಬಿಲ್ಲು ನೋಡಿದರೆ ಎರಡೂ ರಾತ್ರಿಗೆ "ಹೆಚ್ಚುವರಿ ವ್ಯಕ್ತಿ" ಎಂದು ಬರೆದಿದ್ದಾರೆ. ರೂಮು ಕಾಯ್ದಿರಿಸಿದ್ದು ನಾನು, ಕಾರ್ಡ್ ನನ್ನದು, ಕೊಟ್ಟೆ. ಈಗ ಗೆಳತಿ ಹೇಳುವುದು: "ನಮ್ಮ ರೂಮಿನ ಒಟ್ಟು ಬಿಲ್ಲನ್ನು ಅರ್ಧರ್ಧ ಮಾಡೋಣ, ಅವಳೇನು ಹೊರಗಿನವಳೇ?"

ನನಗಂತೂ ಹೊರಗಿನವಳೇ. ಆದರೆ ಹನ್ನೆರಡು ವರ್ಷದ ಸ್ನೇಹ. ಮುಖ ಮುರಿಯದೆ ಹೇಗೆ ಕೇಳುವುದು? ಇನ್ನು ಮುಂದೆ ಒಂದೇ ರೂಮಿನಲ್ಲಿ ಇರುವಾಗ ಏನೇನು ಮೊದಲೇ ಮಾತಾಡಿಕೊಳ್ಳಬೇಕು, ಅನುಭವಸ್ಥರು ತಿಳಿಸಿ.

ಮಾಟುಂಗಾ ಮಾಣಿ:
ಇದರಲ್ಲಿ ಕೇಳುವುದೇನಿದೆ ಅಕ್ಕ? ಕರೆತಂದವರು ಕೊಡಬೇಕು. ಮುಗಿಯಿತು.

ಹಿಂಜವಾಡಿ ಹೈರಾಣ:
ಮುಗಿಯಲಿಲ್ಲ. ಮೊದಲ ರಾತ್ರಿ ಇವರು ಒಂದು ಮಾತನ್ನೂ ಆಡಲಿಲ್ಲ. ಹಾಸಿಗೆಯಲ್ಲಿ ಜಾಗ ಕೊಟ್ಟ ಮೇಲೆ ಬಿಲ್ಲಿನಲ್ಲಿ ಜಾಗ ಕೊಡುವುದಿಲ್ಲ ಎಂದರೆ ಹೇಗೆ? ಸುಮ್ಮನಿದ್ದವರು ಒಪ್ಪಿದಂತೆಯೇ.

ಮುಲುಂಡ್ ಮಲ್ಲಿಗೆ:
@ಹಿಂಜವಾಡಿ ಹೈರಾಣ, ನಡುರಾತ್ರಿ ಒಬ್ಬ ಹುಡುಗಿಯನ್ನು "ನೀನು ಹೊರಡು" ಎನ್ನಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ? ಕಾಂದೋಳಿಯಿಂದ ಮಡಗಾಂವಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು. ಆ ಹೊತ್ತಿಗೆ ಪಣಜಿಯಿಂದ ಗೋವಾ ಸರ್ಕಾರದ ಕದಂಬ ಷಟಲ್ ಬಸ್ಸೂ ಇರುವುದಿಲ್ಲ. ಟ್ಯಾಕ್ಸಿಯವನು ಹೇಳುವ ದರದಲ್ಲಿ ಪುಣೆಗೆ ಹೋಗಿ ಬರಬಹುದು. ಮೊದಲ ರಾತ್ರಿಯನ್ನು ನಾನು ದಾಕ್ಷಿಣ್ಯದ ಖಾತೆಗೆ ಬರೆಯುತ್ತೇನೆ. ಎರಡನೆಯ ರಾತ್ರಿ ಗೆಳತಿಯದೇ ಖರ್ಚು, ಅದರಲ್ಲಿ ಮಾತೇ ಇಲ್ಲ.

ಮಾಟುಂಗಾ ಮಾಣಿ:
ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಇಲ್ಲಿ ಮಲಗಲೂ ಜಾಗವಿರಲಿಲ್ಲ.

ಪಣಜಿ ರಾತ್ರಿಪಾಳಿ:
ನಾನು ಗೋವಾದ ಒಂದು ಹೋಟೆಲಿನ ಸ್ವಾಗತ ಕೌಂಟರಿನಲ್ಲಿ ಕೆಲಸ ಮಾಡುವವನು, ಊರು ಅಂಕೋಲ. ಹಣದ ಮಾತು ಆಮೇಲೆ, ಮೊದಲು ಗುರುತಿನ ಚೀಟಿಯ ಮಾತು. ರೂಮಿನಲ್ಲಿ ಮಲಗುವ ಪ್ರತಿಯೊಬ್ಬರ ಹೆಸರೂ ಗುರುತಿನ ಚೀಟಿಯೂ ನಮ್ಮ ದಾಖಲೆಯಲ್ಲಿ ಇರಬೇಕು. ಏನಾದರೂ ಆದರೆ ಪೊಲೀಸರು ಮೊದಲು ಹಿಡಿಯುವುದು ಕೌಂಟರಿನಲ್ಲಿ ಇರುವ ನಮ್ಮನ್ನು. ಬೆಂಕಿ ಬಿದ್ದರೂ ಯಾವ ರೂಮಿನಲ್ಲಿ ಎಷ್ಟು ಜನ ಎಂದು ಹೇಳಬೇಕಾದವರು ನಾವೇ.

"ಅವಳು ತಂಗಿ, ಸುಮ್ಮನೆ ಬಂದಿದ್ದಾಳೆ" ಎಂದು ಲಿಫ್ಟಿನ ಕಡೆ ಓಡುವವರನ್ನು ದಿನವೂ ನೋಡುತ್ತೇವೆ. ರಾತ್ರಿ ಹಿಂದೆ ಓಡಿ ಜಗಳ ಮಾಡುವುದಿಲ್ಲ. ಬೆಳಿಗ್ಗೆ ತಿಂಡಿ ಕೊಡುವ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗ ಪಟ್ಟಿ ಹಿಡಿದು ನಿಂತಿರುತ್ತಾನಲ್ಲ, ರೂಮ್ ನಂಬರ್ ಕೇಳಿ ಗುರುತು ಹಾಕುವವನು, ಲೆಕ್ಕ ಸಿಗುವುದು ಅಲ್ಲಿ. ಇಬ್ಬರ ರೂಮಿನಿಂದ ಮೂರು ತಟ್ಟೆ ಎದ್ದರೆ ಮುಗಿಯಿತು. ನಿಮ್ಮ ಬಿಲ್ಲಿನಲ್ಲೂ ಹೀಗೆಯೇ ಬಂದಿರಬೇಕು.

ಒಂದು ಉಪಕಾರ ಮಾಡಿ: ಯಾರಾದರೂ ಉಳಿಯುವುದಿದ್ದರೆ ಕೆಳಗೆ ಬಂದು ಹೇಳಿ. ಹೇಳಿದರೆ ಹೆಚ್ಚುವರಿ ಹಾಸಿಗೆ, ಟವೆಲ್, ನೀರಿನ ಬಾಟಲಿ ಕೊಡುತ್ತೇವೆ. ಹೇಳದಿದ್ದರೂ ಹಣ ಬೀಳುತ್ತದೆ, ಹಾಸಿಗೆ ಮಾತ್ರ ಸಿಗುವುದಿಲ್ಲ.

ಡೊಂಬಿವಲಿ ಲೋಕಲ್:
@ಪಣಜಿ ರಾತ್ರಿಪಾಳಿ, ಅಯ್ಯೋ, ತಿಂಡಿಯ ಕೋಣೆಯಲ್ಲಿ ಆ ಹುಡುಗಿ ಮೂರು ಸಲ ಪೂರಿ ಹಾಕಿಸಿಕೊಂಡಳು. ನಾನು ಎರಡು ರಾತ್ರಿಯೂ ಹಾಸಿಗೆಯ ಅಂಚಿನಲ್ಲಿ ಒಂದು ಕಾಲು ನೆಲಕ್ಕೆ ಊರಿ ಮಲಗಿದ್ದೆ. ಕೇಳಿದ್ದರೆ ಬೇರೆ ಹಾಸಿಗೆ ಸಿಗುತ್ತಿತ್ತೇ? ಈಗ ಇನ್ನೂ ಸಿಟ್ಟು ಬರುತ್ತಿದೆ.

ಫೋರ್ಟ್ ಹಳೆಯ ಗಿರಾಕಿ:
ಓದಿ ನಗು ಬಂತು. ನಾವು ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದಾಗ ಉಡುಪಿ ಹೋಟೆಲಿನ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದೆವು. ತಲೆಗೆ ಟ್ರಂಕು. ಪಕ್ಕದವನ ಮೊಣಕೈ ಮುಖಕ್ಕೆ ತಾಗಿದರೂ ಎಚ್ಚರವಾಗುತ್ತಿರಲಿಲ್ಲ. ಕೆಲಸ ಮುಗಿಸಿ ಕನ್ನಡದ ರಾತ್ರಿಶಾಲೆಗೆ ಹೋಗಿ ಬಂದು ಮಲಗುವಷ್ಟರಲ್ಲಿ ಹಾಲಿನವನು ಬಾಗಿಲು ಬಡಿಯುತ್ತಿದ್ದ. ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಬಿಡಾರದಲ್ಲಿ, ಇದ್ದವರಂತೂ ಪಾಳಿಯ ಮೇಲೆ ಮಲಗುತ್ತಿದ್ದರು, ಹಗಲಿನವನು ಎದ್ದ ಹಾಸಿಗೆಗೆ ರಾತ್ರಿಯವನು. ನಿಮಗೆ ಎಸಿ ರೂಮಿನ ಮೆತ್ತೆಯ ಮೇಲೆ ಒಬ್ಬ ಹುಡುಗಿ ಹೆಚ್ಚಾದಳೇ?

ಹಿಂಜವಾಡಿ ಹೈರಾಣ:
ಕಾಕಾ, ಅದು ಬಡತನ, ಇದು ರಜೆ. ಕಾಸು ಕೊಟ್ಟು ಕಷ್ಟಪಡಬೇಕೇ?

ಫೋರ್ಟ್ ಹಳೆಯ ಗಿರಾಕಿ:
ಒಪ್ಪಿದೆ ಮಾರಾಯ. ಆದರೆ ಒಂದು ಮಾತು ಕೇಳು. ಆ ಖೋಲಿಯಲ್ಲಿ ನಿಯಮಗಳು ನಿಮಗಿಂತ ಬಿಗಿಯಾಗಿದ್ದವು. ಯಾವ ಮೊಳೆಗೆ ಯಾರ ಅಂಗಿ, ನಲ್ಲಿಗೆ ಯಾರು ಮೊದಲು, ಊರಿನಿಂದ ನೆಂಟ ಬಂದರೆ ಎಷ್ಟು ದಿನ, ಎಲ್ಲವೂ ಮೊದಲೇ ತೀರ್ಮಾನ. ನೆಂಟನ ಊಟದ ಲೆಕ್ಕ ಕರೆತಂದವನ ಹೆಸರಿಗೇ. ಯಾರೂ ಮುಖ ಊದಿಸಿಕೊಳ್ಳುತ್ತಿರಲಿಲ್ಲ.

ಮಾಟುಂಗಾ ಮಾಣಿ:
ನೋಡಿದಿರಾ? ಕಾಕಾ ಬೈಯಲು ಬಂದು ತೀರ್ಪು ಕೊಟ್ಟು ಹೋದರು.

ಒಂಟಿ ಹಾಸಿಗೆ:
ಹಣ ಹಂಚುವ ವಿಷಯ ಬಂದಿದ್ದರಿಂದ ನನ್ನದೂ ಒಂದು ಕೇಳಿ. ಗೆಳತಿ, ಅವಳ ಗಂಡ, ನಾನು, ಮೂವರು ಒಂದೇ ರೂಮಿನಲ್ಲಿ. ಅವರಿಗೆ ದೊಡ್ಡ ಮಂಚ, ನನಗೆ ಗೋಡೆಗೆ ಒರಗಿಸಿಟ್ಟಿದ್ದ ಮಡಚುವ ಹಾಸಿಗೆ. ಅದರ ನಡುವೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಸರಿಯಾಗಿ ಸೊಂಟದ ಕೆಳಗೆ ಬರುವಂತೆ. ಬಿಲ್ಲು ಮಾತ್ರ ತಲೆಗೆ ಸಮ. ಇದು ನ್ಯಾಯವೇ?

ಹಿಂಜವಾಡಿ ಹೈರಾಣ:
ಲೆಕ್ಕ ಹಾಕಿ ನೋಡೋಣ. ರೂಮು 4,500, ಹೆಚ್ಚುವರಿ ಹಾಸಿಗೆ 1,000 ಎಂದಿಟ್ಟುಕೊಳ್ಳಿ. ಒಟ್ಟು 5,500. ಅದಕ್ಕೆ ಶೇಕಡಾ 5 ಜಿಎಸ್‌ಟಿ 275 ಸೇರಿದರೆ 5,775. ತಲೆಗೆ ಸಮ ಎಂದರೆ 1,925. ಹಾಸಿಗೆಗೆ ತಕ್ಕಂತೆ ಎಂದರೆ ನಿಮ್ಮ ಪಾಲು 1,050 ಮಾತ್ರ. ಎರಡಕ್ಕೂ ಅಜಗಜಾಂತರ.

ವಾಸ್ಕೋ ವಾಸಿ:
ಹಾಸಿಗೆಯ ದರವನ್ನಷ್ಟೇ ಕೊಡುತ್ತೇನೆ ಎಂದರೆ ಅದೂ ಸರಿಯಲ್ಲ. ಎಸಿ, ಬಾತ್‌ರೂಮು, ಬಾಲ್ಕನಿ ಎಲ್ಲವನ್ನೂ ಮೂವರೂ ಬಳಸಿದ್ದೀರಿ. ಹಾಗೆಂದು ಸಮಪಾಲು ಕೇಳುವುದೂ ಅನ್ಯಾಯ. ನಮ್ಮ ಗುಂಪಿನಲ್ಲಿ ನಡುವಿನ ದಾರಿ ಹಿಡಿಯುತ್ತೇವೆ: ಮಡಚುವ ಹಾಸಿಗೆಯವರು ಸುಮಾರು ಒಂದೂವರೆ ಸಾವಿರ, ಉಳಿದದ್ದು ದಂಪತಿಯದು. ಇಲ್ಲವೇ ಒಂದೊಂದು ರಾತ್ರಿ ಒಬ್ಬೊಬ್ಬರು ಆ ಹಾಸಿಗೆಯಲ್ಲಿ ಮಲಗುವುದು. ಗಂಡನಿಗೂ ಸೊಂಟ ಇದೆಯಲ್ಲ.

ಒಂಟಿ ಹಾಸಿಗೆ:
ಹಾಗಾದರೆ ದೊಡ್ಡ ಮಂಚದಲ್ಲಿ ಗೆಳತಿ ಮತ್ತು ನಾನು, ಅವನು ಪಟ್ಟಿಯ ಮೇಲೆ. ಈ ಸಲಹೆಯನ್ನು ಅವಳಿಗೆ ಕಳುಹಿಸಿದೆ. ನೀಲಿ ಗುರುತು ಬಂದಿದೆ, ಉತ್ತರ ಬಂದಿಲ್ಲ.

ಕೊಥ್ರೂಡ್ ಕೊಡೆ:
ಜಿಎಸ್‌ಟಿ ಶೇಕಡಾ 12 ಅಲ್ಲವೇ?

ಹಿಂಜವಾಡಿ ಹೈರಾಣ:
ಅಲ್ಲ. ಒಂದು ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5. ಅದಕ್ಕಿಂತ ಮೇಲಿನದ್ದಕ್ಕೆ 18. ಹಳೆಯ ಬಿಲ್ಲು ನೋಡಿ ಹಂಚಿಕೊಂಡಿದ್ದರೆ ಯಾರೋ ನಿಮ್ಮ ಗುಂಪಿನಲ್ಲಿ ಲಾಭ ಮಾಡಿಕೊಂಡಿದ್ದಾರೆ.

ನೆರೂಳ್ ನಿದ್ದೆಗೇಡಿ:
ಹಣ ಹೋದರೆ ಹೋಗಲಿ, ನಿದ್ದೆ ಹೋದರೆ ಯಾರು ಕೊಡುತ್ತಾರೆ? ಒಂದೇ ರೂಮಿನಲ್ಲಿ ಇರುವಾಗ ಮೊದಲು ಕೇಳಬೇಕಾದ ಪ್ರಶ್ನೆ: ನೀನು ಗೊರಕೆ ಹೊಡೆಯುತ್ತೀಯಾ? ನನ್ನ ಗೆಳೆಯ "ಇಲ್ಲವೇ ಇಲ್ಲ" ಎಂದಿದ್ದ. ಅವನ ಗೊರಕೆ ಅವನಿಗೆ ಹೇಗೆ ಕೇಳಬೇಕು? ಅಂಜುಣಾದ ಆ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ನಾನು ಚಾದರ ಎಳೆದುಕೊಂಡು ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಪಕ್ಕದ ರೂಮಿನ ಬಾಲ್ಕನಿಯಲ್ಲಿ ಇನ್ನೊಬ್ಬ. ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದೆವು, ಕೇಳುವ ಅಗತ್ಯವೇ ಬರಲಿಲ್ಲ.

ಗೊರಕೆರಾಯ:
ನಮ್ಮ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲ. ಗೊರಕೆ ಹೊಡೆಯುವವರನ್ನು ಅಪರಾಧಿಗಳಂತೆ ನೋಡಬೇಡಿ. ಬೇಕೆಂದು ಯಾರೂ ಹೊಡೆಯುವುದಿಲ್ಲ. ನಾನು ಮೊದಲೇ ಹೇಳಿಬಿಡುತ್ತೇನೆ: "ನೀನು ಮೊದಲು ಮಲಗು, ನಿನಗೆ ನಿದ್ದೆ ಹತ್ತಿದ ಮೇಲೆ ನಾನು ಮಲಗುತ್ತೇನೆ." ಮಗ್ಗುಲಾಗಿ ಮಲಗುತ್ತೇನೆ, ಅಂಗಾತ ಮಲಗಿದರೆ ಜೋರಾಗುತ್ತದೆ. ಕುಡಿದ ರಾತ್ರಿ ಇನ್ನೂ ಜೋರು, ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಗೋವಾದಲ್ಲಿ ಎಲ್ಲರ ಗೊರಕೆಯೂ ಏರುವುದು ಇದಕ್ಕೇ.

ಮುಲುಂಡ್ ಮಲ್ಲಿಗೆ:
ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಒಂದು ಸಣ್ಣ ಮಾತು ಸೇರಿಸುತ್ತೇನೆ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಏದುಸಿರು ಬಿಟ್ಟು ಎದ್ದಂತೆ ಆಗುತ್ತಿದ್ದರೆ, ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ, ತಮಾಷೆ ಬಿಟ್ಟು ವೈದ್ಯರಿಗೆ ತೋರಿಸಿ. ಮನೆಯಲ್ಲಿ ಒಬ್ಬರೇ ಮಲಗುವವರಿಗೆ ಇದು ಗೊತ್ತಾಗುವುದೇ ಇಲ್ಲ, ರೂಮು ಹಂಚಿಕೊಂಡ ಗೆಳೆಯರು ಹೇಳಿದಾಗಲೇ ತಿಳಿಯುವುದು. ಹೇಳುವ ರೀತಿಯಲ್ಲಿ ಹೇಳಿ, ಬೆಳಿಗ್ಗೆ ಎಲ್ಲರೆದುರು ರೆಕಾರ್ಡ್ ಮಾಡಿದ್ದನ್ನು ಕೇಳಿಸಬೇಡಿ.

ನೆರೂಳ್ ನಿದ್ದೆಗೇಡಿ:
ಈಗ ನಾನು ಫೋಮಿನ ಇಯರ್‌ಪ್ಲಗ್ ಇಲ್ಲದೆ ಮನೆ ಬಿಡುವುದಿಲ್ಲ. ಸುಮ್ಮನೆ ತುರುಕಿದರೆ ಕೆಲಸಕ್ಕೆ ಬರುವುದಿಲ್ಲ. ಬೆರಳಿನ ನಡುವೆ ಹೊಸೆದು ಬತ್ತಿಯಷ್ಟು ಸಣ್ಣ ಮಾಡಬೇಕು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಹಾಕಬೇಕು, ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಆಗ ಜಗತ್ತೇ ದೂರವಾಗುತ್ತದೆ.

ಬಿಬ್ವೇವಾಡಿ ಬಿಸಿನೀರು:
ಅಲಾರಂ ಕೂಡ ದೂರವಾಗುತ್ತದೆ. ಇದೇ ಕಾರಣಕ್ಕೆ ನಮ್ಮ ಗೆಳೆಯನೊಬ್ಬ ಗೋವಾ ಎಕ್ಸ್‌ಪ್ರೆಸ್ ತಪ್ಪಿಸಿಕೊಂಡ.

ಕೊಥ್ರೂಡ್ ಕೊಡೆ:
ಅಲಾರಂ ಮಾತು ಬಂತಲ್ಲ! ಐದಕ್ಕೆ ಒಂದು, ಐದೂ ಹತ್ತಕ್ಕೆ ಒಂದು, ಐದೂ ಇಪ್ಪತ್ತಕ್ಕೆ ಒಂದು ಇಟ್ಟು, ತಾನು ಮಾತ್ರ ಎಂಟಕ್ಕೆ ಏಳುವವರಿಗೆ ಯಾವ ಶಿಕ್ಷೆ?

ಮಾಟುಂಗಾ ಮಾಣಿ:
ಮಡಚುವ ಹಾಸಿಗೆ.

ಡೊಂಬಿವಲಿ ಲೋಕಲ್:
ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು, ಆದರೂ ಓದಲು ಚೆನ್ನಾಗಿದೆ. ಮುಂದುವರಿಸಿ.

ವಾಸ್ಕೋ ವಾಸಿ:
ಎಸಿ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ ಏಕೆ? ನನ್ನ ಪ್ರಕಾರ ಸ್ನೇಹ ಮುರಿಯುವುದು ಹಣದಿಂದಲ್ಲ, ರಿಮೋಟಿನಿಂದ. ಒಬ್ಬನಿಗೆ 18 ಬೇಕು, ಇನ್ನೊಬ್ಬನಿಗೆ ಫ್ಯಾನ್ ಸಾಕು.

ಹಿಂಜವಾಡಿ ಹೈರಾಣ:
24. ಅದಕ್ಕಿಂತ ಕೆಳಗೆ ಇಳಿಸಬೇಕಾದರೆ ಎಲ್ಲರ ಒಪ್ಪಿಗೆ ಬೇಕು. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕು ಎಂದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುವುದೂ ಅವರದೇ ಲೆಕ್ಕ.

ವಾಸ್ಕೋ ವಾಸಿ:
ಹೋಟೆಲಿನ ಕರೆಂಟು ಉಳಿಸಿ ನನಗೇನು ಸಿಗುತ್ತದೆ?

ಹಿಂಜವಾಡಿ ಹೈರಾಣ:
ನೆಗಡಿಯ ಔಷಧಿಯ ಖರ್ಚು ಉಳಿಯುತ್ತದೆ.

ಪಣಜಿ ರಾತ್ರಿಪಾಳಿ:
ಕರಾವಳಿಯಲ್ಲಿ ಕಷ್ಟ ಕೊಡುವುದು ಸೆಕೆಗಿಂತ ಹೆಚ್ಚಾಗಿ ತೇವ. ರಿಮೋಟಿನಲ್ಲಿ ಹನಿಯ ಚಿತ್ರ ಇರುವ ಡ್ರೈ ಮೋಡ್ ಹಾಕಿ ನೋಡಿ, ಅಂಟಂಟು ಹೋಗುತ್ತದೆ, ಚಳಿಯೂ ಆಗುವುದಿಲ್ಲ. ಚಳಿ ಎನ್ನುವವರಿಗೆ ಇನ್ನೊಂದು ಹೊದಿಕೆ ಕೇಳಿ, ಕೊಡುತ್ತೇವೆ. ಬಾಲ್ಕನಿಯ ಬಾಗಿಲು ತೆರೆದಿಟ್ಟು 16ಕ್ಕೆ ಇಳಿಸಿ "ಎಸಿ ತಣ್ಣಗಾಗುತ್ತಿಲ್ಲ" ಎಂದು ಫೋನ್ ಮಾಡಬೇಡಿ, ದಯವಿಟ್ಟು.

ಕೀ ಕಾರ್ಡ್ ವಿಷಯವೂ ಹೇಳಿಬಿಡುತ್ತೇನೆ. ಗೋಡೆಯ ಗೂಡಿನಲ್ಲಿ ಕಾರ್ಡ್ ಇದ್ದರೆ ಮಾತ್ರ ಕರೆಂಟು. ಒಬ್ಬರು ಸಿಗರೇಟಿಗೆಂದು ಕಾರ್ಡ್ ಕಿತ್ತುಕೊಂಡು ಹೋದರೆ ಒಳಗೆ ಸ್ನಾನ ಮಾಡುತ್ತಿರುವವರಿಗೆ ಕತ್ತಲು. ರೂಮು ತೆಗೆದುಕೊಳ್ಳುವಾಗಲೇ ಎರಡು ಕಾರ್ಡ್ ಕೇಳಿ. ಇದಕ್ಕೆ ಹಣವಿಲ್ಲ.

ಬಿಬ್ವೇವಾಡಿ ಬಿಸಿನೀರು:
ಸ್ನಾನಕ್ಕೆ ಬರುತ್ತೇನೆ. ಸಣ್ಣ ಗೆಸ್ಟ್ ಹೌಸುಗಳಲ್ಲಿ ಹದಿನೈದು ಲೀಟರಿನ ಗೀಸರ್. ಮೊದಲು ಹೋದವನು ಹಾಡು ಹೇಳುತ್ತಾ ಪೂರ್ತಿ ಖಾಲಿ ಮಾಡಿದರೆ ಮತ್ತೆ ಕಾಯಲು ಇಪ್ಪತ್ತು ನಿಮಿಷವಾದರೂ ಬೇಕು. ನಾಲ್ವರು ಇದ್ದರೆ ಕೊನೆಯವನ ಪಾಡೇನು? ನಮ್ಮಲ್ಲಿ ರಾತ್ರಿ ಇಬ್ಬರು, ಬೆಳಿಗ್ಗೆ ಇಬ್ಬರು. ಬಕೆಟ್ ಇದ್ದರೆ ಬಕೆಟ್ ಸ್ನಾನ. ಕಡಲಿನಿಂದ ಬಂದವರು ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆದೇ ಮೇಲೆ ಬರಬೇಕು, ಇಲ್ಲದಿದ್ದರೆ ಮರಳು ಮೋರಿಗೆ ಸೇರಿ ನೀರು ಕಟ್ಟಿ, ಆಮೇಲೆ ಹೋದವನು ಕಣಕಾಲುದ್ದ ನೀರಿನಲ್ಲಿ ನಿಂತು ಸ್ನಾನ ಮಾಡಬೇಕು.

ಒಂಟಿ ಹಾಸಿಗೆ:
ಆ ಗಾಜಿನ ಗೋಡೆಯ ಬಾತ್‌ರೂಮು ಕಂಡುಹಿಡಿದ ಪುಣ್ಯಾತ್ಮ ಯಾರು? ಮಂಚದ ಮೇಲೆ ಕುಳಿತರೆ ಒಳಗಿನವರು ಹಲ್ಲುಜ್ಜುವುದೂ ಕಾಣುತ್ತದೆ. ಹೊಸದಾಗಿ ಮದುವೆಯಾದವರಿಗೆ ಸರಿ, ಕಚೇರಿಯ ಸಹೋದ್ಯೋಗಿಯ ಜೊತೆ ಹೋದವರು ಎಲ್ಲಿ ನೋಡಬೇಕು?

ಮುಲುಂಡ್ ಮಲ್ಲಿಗೆ:
ಬಾಲ್ಕನಿಯಲ್ಲಿ ನಿಂತು ಕಡಲನ್ನು. ಕಡಲು ಕಾಣದಿದ್ದರೆ ಕಾರ್ ನಿಲ್ಲಿಸುವ ಜಾಗವನ್ನು. ಕಾಯ್ದಿರಿಸುವ ಮೊದಲು ಜಾಲತಾಣದಲ್ಲಿ ಬಾತ್‌ರೂಮಿನ ಫೋಟೋ ಹುಡುಕಿ ನೋಡುವುದನ್ನು ನಾನು ಇದೇ ಕಾರಣಕ್ಕೆ ರೂಢಿ ಮಾಡಿಕೊಂಡಿದ್ದೇನೆ.

ಕೊಥ್ರೂಡ್ ಕೊಡೆ:
ನನ್ನ ರೂಮಿನ ಸ್ನೇಹಿತರು ಬೆಳಗಿನ ಜಾವ ಎದ್ದು ಸ್ನಾನ ಮಾಡಿ ಸಂಧ್ಯಾವಂದನೆ ಮಾಡುವವರು. ಮಾಡಲಿ, ಸದ್ದಿಲ್ಲದೆ ಮಾಡುತ್ತಾರೆ, ನನಗೆ ಗೌರವವೂ ಇದೆ. ಆದರೆ ಪುಣೆಯ ಒಂದು ಹೋಟೆಲಿನಲ್ಲಿ ಒಟ್ಟಿಗೆ ಮೂರು ಊದುಬತ್ತಿ ಹಚ್ಚಿ ಛಾವಣಿಯ ಹೊಗೆ ಪತ್ತೆ ಯಂತ್ರದ ಸರಿಯಾಗಿ ಕೆಳಗೆ ಇಟ್ಟರು. ಅದು ಕಿರುಚಿಕೊಂಡಾಗ ನಾನು ಬನಿಯನ್ನಿನಲ್ಲಿ ಕಾರಿಡಾರಿಗೆ ಓಡಿದೆ. ಎದುರು ರೂಮಿನವರು ಸೂಟ್‌ಕೇಸ್ ಸಮೇತ ಓಡಿ ಬಂದಿದ್ದರು. ಇವರು ಮಾತ್ರ ಜಪ ಮುಗಿಯುವವರೆಗೆ ಏಳಲಿಲ್ಲ.

ಮಾಟುಂಗಾ ಮಾಣಿ:
ಜಪಕ್ಕೆ ಫಲ ಇದೆ, ಬೆಂಕಿ ಬಿದ್ದಿರಲಿಲ್ಲವಲ್ಲ.

ಪಣಜಿ ರಾತ್ರಿಪಾಳಿ:
ನಗಬೇಡಿ. ಆ ಯಂತ್ರಕ್ಕೆ ಶವರ್ ಕ್ಯಾಪ್ ಕಟ್ಟಿ ಸಿಗರೇಟು ಸೇದುವವರೂ ಇದ್ದಾರೆ. ಅದು ಅಪಾಯ.

ಇನ್ನು ರೂಮಿನ ಕೆಟಲ್. ಅದು ನೀರು ಕಾಯಿಸಲು ಮಾತ್ರ. ಹಾಲು ಹಾಕಿ ತಳ ಹಿಡಿಸುತ್ತಾರೆ, ಮೊಟ್ಟೆ ಬೇಯಿಸುತ್ತಾರೆ, ನೂಡಲ್ಸ್ ಮಾಡುತ್ತಾರೆ. ನಿಮ್ಮ ರೂಮಿನವರು ಬೆಳಿಗ್ಗೆ ಚಹಾಕ್ಕೆ ಇಟ್ಟ ನೀರಿನಲ್ಲಿ ಮಸಾಲೆಯ ಎಣ್ಣೆ ತೇಲಿದರೆ ಕಾರಣ ಹೋಟೆಲ್ ಅಲ್ಲ, ನಿನ್ನೆ ರಾತ್ರಿ ಹಸಿದ ನಿಮ್ಮದೇ ಗೆಳೆಯ.

ನೆರೂಳ್ ನಿದ್ದೆಗೇಡಿ:
ವಾಸನೆಯ ಮಾತು ಬಂದಿದ್ದಕ್ಕೆ: ಮಾಪುಸಾದ ಶುಕ್ರವಾರದ ಸಂತೆಯಿಂದ ಒಣಮೀನು ತಂದು ಎಸಿ ರೂಮಿನ ಕಪಾಟಿನಲ್ಲಿ ಇಡುವುದು ತಪ್ಪೋ ಸರಿಯೋ?

ವಾಸ್ಕೋ ವಾಸಿ:
ಒಣಮೀನು ತಪ್ಪಲ್ಲ. ಕಪಾಟು ತಪ್ಪು.

ಕೊಥ್ರೂಡ್ ಕೊಡೆ:
ಸಸ್ಯಾಹಾರಿಯಾದ ನನಗೆ ಎರಡೂ ತಪ್ಪು. ನನ್ನ ಇಸ್ತ್ರಿ ಅಂಗಿ ಅದೇ ಕಪಾಟಿನಲ್ಲಿ ಇತ್ತು. ಸೋಮವಾರ ಅದನ್ನೇ ಹಾಕಿಕೊಂಡು ಕಚೇರಿಗೆ ಹೋದೆ. ಲಿಫ್ಟಿನಲ್ಲಿ ಎಲ್ಲರೂ ಮೂಲೆಗೆ ಸರಿದರು.

ಫೋರ್ಟ್ ಹಳೆಯ ಗಿರಾಕಿ:
ಹೊರಡುವ ದಿನವೇ ಕೊಳ್ಳಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು, ಮೇಲೆ ಕಾಗದ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್, ಬಾಯಿ ಗಟ್ಟಿಯಾಗಿ ಕಟ್ಟಿ ಡಬ್ಬಿಯಲ್ಲಿ ಇಡಬೇಕು. ಊರಿನಿಂದ ಮುಂಬಯಿಗೆ ಒಂದು ಕಾಲದಲ್ಲಿ ಘಟ್ಟ ಹತ್ತಿ ಬಸ್ಸಿನಲ್ಲಿ ತರುತ್ತಿದ್ದೆವು, ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಪಕ್ಕದಲ್ಲಿ ಕುಳಿತ ಭಟ್ಟರಿಗೂ ಗೊತ್ತಾಗುತ್ತಿರಲಿಲ್ಲ.

ಕೊಥ್ರೂಡ್ ಕೊಡೆ:
ಗೊತ್ತಾಗುತ್ತಿತ್ತು ಕಾಕಾ. ಹೇಳುತ್ತಿರಲಿಲ್ಲ ಅಷ್ಟೆ.

ಮುಲುಂಡ್ ಮಲ್ಲಿಗೆ:
@ಡೊಂಬಿವಲಿ ಲೋಕಲ್, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಮುಖಾಮುಖಿ ಕೇಳಲು ಸಂಕೋಚವಾದರೆ ಬಿಲ್ಲಿನ ಫೋಟೋವನ್ನೇ ಕಳುಹಿಸಿ. ಬರಹ ಹೀಗಿರಲಿ: "ರೂಮಿನ ಬಾಡಿಗೆ ಅರ್ಧರ್ಧ, ಇಷ್ಟು. ಹೆಚ್ಚುವರಿ ವ್ಯಕ್ತಿಯ ಎರಡು ರಾತ್ರಿ ನಿನ್ನ ಲೆಕ್ಕಕ್ಕೆ ಹಾಕಿದ್ದೇನೆ. ನೋಡಿ ಹೇಳು." ಅಷ್ಟೇ. "ನಿನ್ನ ತಂಗಿ", "ನನ್ನ ಚಾರ್ಜರ್", "ಪೂರಿ", ಇವು ಯಾವುವೂ ಬರಬಾರದು. ಹಣದ ಜೊತೆ ಸಿಟ್ಟನ್ನು ಸೇರಿಸಿ ಕಳುಹಿಸಿದರೆ ಸಿಟ್ಟಿಗೆ ಉತ್ತರ ಬರುತ್ತದೆ, ಹಣ ಬರುವುದಿಲ್ಲ. ಗುಂಪಿನಲ್ಲಿ ಹಾಕಬೇಡಿ, ಅವಳಿಗೊಬ್ಬಳಿಗೇ ಕಳುಹಿಸಿ.

ಹಿಂಜವಾಡಿ ಹೈರಾಣ:
ನಾನು ಈಗಲೂ ಮೊದಲ ರಾತ್ರಿ ಅರ್ಧರ್ಧ ಎಂದೇ ಹೇಳುತ್ತೇನೆ. ಎರಡನೆಯ ದಿನ ಬೆಳಿಗ್ಗೆ "ಇವತ್ತು ಅವಳಿಗೆ ಬೇರೆ ವ್ಯವಸ್ಥೆ ಮಾಡು" ಎನ್ನಲು ಹಗಲಿಡೀ ಸಮಯವಿತ್ತು. ಗೆಳತಿಗೆ ನಿಮ್ಮ ಮನಸ್ಸಿನಲ್ಲಿ ಇರುವುದು ಹೇಗೆ ತಿಳಿಯಬೇಕು?

ಮಾಟುಂಗಾ ಮಾಣಿ:
ಇಬ್ಬರ ಮಂಚದಲ್ಲಿ ಮೂವರು ಮಲಗಿದ್ದಾರೆ, ಒಬ್ಬಳ ಕಾಲು ನೆಲದ ಮೇಲಿದೆ. ಇದು ತಿಳಿಯಲು ಮನಸ್ಸು ಓದಬೇಕೇ? ಕಣ್ಣು ಸಾಕು.

ಹಿಂಜವಾಡಿ ಹೈರಾಣ:
ಕತ್ತಲಲ್ಲಿ ಕಾಲು ಕಾಣುವುದಿಲ್ಲ.

ಒಂಟಿ ಹಾಸಿಗೆ:
ಇಬ್ಬರೂ ಹೊರಗೆ ಹೋಗಿ ಜಗಳವಾಡಿ, ನಮಗೆ ನಿದ್ದೆ ಬರುತ್ತಿದೆ.

ನಿರ್ವಾಹಕ:
ವೈಯಕ್ತಿಕ ಟೀಕೆ ಬೇಡ. ಹೋಟೆಲುಗಳ ಹೆಸರು ಹಾಕಿ ದೂರುವುದೂ ಬೇಡ, ಅಂಥ ಎರಡು ಉತ್ತರಗಳನ್ನು ತೆಗೆದಿದ್ದೇನೆ. ಒಣಮೀನಿನ ಚರ್ಚೆಗೆ ಅಡುಗೆ ವಿಭಾಗ ಇದೆ.

ಬಿಬ್ವೇವಾಡಿ ಬಿಸಿನೀರು:
ನನ್ನ ಅನುಭವದಲ್ಲಿ ಜಗಳ ಬರುವುದು ದೊಡ್ಡ ವಿಷಯಕ್ಕಲ್ಲ. ಹಸಿ ಟವೆಲನ್ನು ಇನ್ನೊಬ್ಬರ ಹಾಸಿಗೆಯ ಮೇಲೆ ಎಸೆಯುವುದು, ರಾತ್ರಿ ಒಂದಕ್ಕೆ ಇಯರ್‌ಫೋನ್ ಇಲ್ಲದೆ ರೀಲ್ಸ್ ನೋಡುವುದು, ಬೆಳಗಿನ ಐದಕ್ಕೆ ದೀಪ ಹಾಕಿ ಪ್ಲಾಸ್ಟಿಕ್ ಚೀಲ ಪರಪರ ಎನಿಸುತ್ತಾ ಬಟ್ಟೆ ಹುಡುಕುವುದು. ಬೆಳಿಗ್ಗೆ ಬೇಗ ಹೊರಡುವವರು ರಾತ್ರಿಯೇ ಬಟ್ಟೆ ತೆಗೆದು ಬಾತ್‌ರೂಮಿನಲ್ಲಿ ಇಡಲಿ.

ನೆರೂಳ್ ನಿದ್ದೆಗೇಡಿ:
ತಡವಾಗಿ ಬರುವವರೂ ಹಾಗೆಯೇ. ಈಗ ಗೋವಾಕ್ಕೆ ಎರಡು ವಿಮಾನ ನಿಲ್ದಾಣ. ದಕ್ಷಿಣದಲ್ಲಿ ದಾಬೋಳಿ, ಉತ್ತರದ ಪೆಡ್ಣೆ ಕಡೆ ಮೋಪಾ. ಟಿಕೆಟಿನಲ್ಲಿ ಗೋವಾ ಎಂದು ಇದ್ದರೆ ಸಾಕೆಂದು ಹೋದ ನಮ್ಮ ಗೆಳೆಯ ಮೋಪಾದಲ್ಲಿ ಇಳಿದ, ರೂಮು ಕೋಲ್ವಾದಲ್ಲಿ. ರಾಜ್ಯವನ್ನೇ ದಾಟಿ ರಾತ್ರಿ ಎರಡಕ್ಕೆ ಬಂದು ಬಾಗಿಲು ಬಡಿದ. ಬಂದವನು ಸುಮ್ಮನೆ ಮಲಗಿದನೇ? ಇಲ್ಲ. ಟ್ಯಾಕ್ಸಿಯವನ ಕಥೆ ಪೂರ್ತಿ ಹೇಳಿದ, ದೀಪ ಹಾಕಿಕೊಂಡು.

ಗೊರಕೆರಾಯ:
ಆಗ ನಾನು ನಿದ್ದೆ ಮಾಡುತ್ತಿದ್ದರೆ ಅವನ ಕಥೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಡೊಂಬಿವಲಿ ಲೋಕಲ್:
@ಮುಲುಂಡ್ ಮಲ್ಲಿಗೆ, ನೀವು ಹೇಳಿದಂತೆಯೇ ಕಳುಹಿಸಿದೆ, ಪೂರಿ ತೆಗೆದು. ಅರ್ಧ ಗಂಟೆ ಬಿಟ್ಟು ಹಣ ಹಾಕಿದ್ದಾಳೆ. ಜೊತೆಗೆ ಒಂದು ಸಾಲು: "ಅಲ್ಲೇ ಹೇಳಿದ್ದರೆ ಅವಳನ್ನು ಆ ಇಬ್ಬರ ರೂಮಿನ ಸೋಫಾದಲ್ಲಿ ಮಲಗಿಸುತ್ತಿದ್ದೆ." ಸೋಫಾ ಇತ್ತು ಎಂದು ನನಗೆ ಈಗ ಗೊತ್ತಾಗುತ್ತಿದೆ. ಅವಳು ಸಿಟ್ಟಾಗಿದ್ದಾಳೋ ಇಲ್ಲವೋ ತಿಳಿಯುತ್ತಿಲ್ಲ.

ಹಿಂಜವಾಡಿ ಹೈರಾಣ:
ಸಿಟ್ಟಾಗಿದ್ದಾಳೆ. ಒಂದು ನಗುಮುಖವೂ ಇಲ್ಲದ ಸಾಲು ಅದು.

ಮುಲುಂಡ್ ಮಲ್ಲಿಗೆ:
ಸ್ವಲ್ಪ ದಿನ ಬಿಡಿ. ಹಣ ಪೂರ್ತಿ ಹಾಕಿದ್ದಾಳಲ್ಲ.

ಮಾಟುಂಗಾ ಮಾಣಿ:
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗಲಿಲ್ಲವಲ್ಲ, ಸಂತೋಷಪಡಿ ಅಕ್ಕ.

ಕೊಥ್ರೂಡ್ ಕೊಡೆ:
@ಪಣಜಿ ರಾತ್ರಿಪಾಳಿ, ಒಂದು ಕೊನೆಯ ಸಂದೇಹ. ನಾವು ಮುಂದಿನ ತಿಂಗಳು ರಾತ್ರಿಯ ರೈಲಿನಲ್ಲಿ ಬಂದು ಬೆಳಿಗ್ಗೆ ಥಿವಿಯಲ್ಲಿ ಇಳಿಯುತ್ತೇವೆ. ರೂಮು ಸಿಗುವುದು ಮಧ್ಯಾಹ್ನ ಎರಡಕ್ಕಂತೆ. ನಮ್ಮಲ್ಲಿ ಇಬ್ಬರು ಹಿಂದಿನ ದಿನವೇ ಪಕ್ಕದ ರೂಮಿಗೆ ಬಂದಿರುತ್ತಾರೆ. ಅವರ ರೂಮಿನಲ್ಲಿ ನಾವು ಸ್ನಾನ ಮುಗಿಸಿದರೆ ಹೆಚ್ಚುವರಿ ವ್ಯಕ್ತಿ ಎಂದು ಬರೆಯುತ್ತೀರಾ? ಇನ್ನೊಂದು, ಎಲ್ಲರೂ ಆಧಾರ್ ಪ್ರತಿ ಕೊಡಲೇಬೇಕೇ? ನನ್ನ ಗೆಳೆಯನಿಗೆ ನಂಬರ್ ಕೊಡಲು ಭಯ.

ಪಣಜಿ ರಾತ್ರಿಪಾಳಿ:
ನಂಬರಿನ ಭಯ ಇದ್ದರೆ ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಮಾಸ್ಕ್ ಮಾಡಿದ ಪ್ರತಿಯನ್ನು ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟ್ ಕೂಡ ನಡೆಯುತ್ತದೆ.

ಸ್ನಾನಕ್ಕೆ ಸಾಮಾನ್ಯವಾಗಿ ಯಾರೂ ಹಣ ಕೇಳುವುದಿಲ್ಲ, ಕೌಂಟರಿನಲ್ಲಿ ಹೇಳಿ ಮೇಲೆ ಹೋದರೆ ಸಾಕು. ನಿಮ್ಮ ಸಾಮಾನನ್ನು ಕೆಳಗೆ ಇಟ್ಟುಕೊಳ್ಳುತ್ತೇವೆ. ಬರುವ ಹಿಂದಿನ ಸಂಜೆ ಫೋನ್ ಮಾಡಿ ನೆನಪಿಸಿ, ರೂಮು ಖಾಲಿ ಇದ್ದರೆ ಬೇಗ ಕೊಡುವವರೂ ಇದ್ದಾರೆ. ಟವೆಲ್ ಮಾತ್ರ ನಿಮ್ಮದೇ ತನ್ನಿ. ಇಬ್ಬರ ರೂಮಿಗೆ ಎರಡೇ ಇಟ್ಟಿರುತ್ತೇವೆ, ಆ ಇಬ್ಬರು ಕಡಲಿನಿಂದ ಬಂದು ನೋಡಿದಾಗ ಎರಡೂ ಒದ್ದೆಯಾಗಿದ್ದರೆ ನಿಮ್ಮ ಮೇಲೆಯೇ ಇಲ್ಲಿ ಹೊಸ ಪ್ರಶ್ನೆ ಹಾಕುತ್ತಾರೆ.